ಚಾಳೀಸು ಬಂದ ಕಣ್ಣು, ಹೆಬ್ಬೆರಳಿನಷ್ಟು ಸೈನಿಕ

ಇರಾನಿನ ಇಸ್ಫಹಾನ್ ನಗರದಲ್ಲಿ ರಿಜಾ ಅಬ್ಬಾಸಿ ಎಂಬ ಚಿತ್ರಕಾರನಿದ್ದ. ಷಾ ಅಬ್ಬಾಸನ ಕಾಲದ ಬಹುದೊಡ್ಡ ಕಲಾವಿದ. ಅವನ ಶಿಷ್ಯ ಮುಯೀನ್ ಮುಸವ್ವಿರ್ ಗುರುವಿನದೊಂದು ಚಿತ್ರ ಬರೆದಿದ್ದಾನೆ. ಮುದುಕನಾದ ರಿಜಾ ನೆಲದ ಮೇಲೆ ಕುಳಿತು, ಮೊಣಕಾಲಿನ ಮೇಲೆ ಕಾಗದವಿಟ್ಟುಕೊಂಡು, ಐರೋಪ್ಯ ಉಡುಪಿನ ವ್ಯಕ್ತಿಯೊಬ್ಬನ ಚಿತ್ರ ಬರೆಯುತ್ತಿದ್ದಾನೆ. ಅವನ ಮೂಗಿನ ಮೇಲೆ ಕನ್ನಡಕವಿದೆ. ಮುಯೀನ್ ಈ ಚಿತ್ರವನ್ನು ಶುರುಮಾಡಿದ್ದು 1635ರಲ್ಲಿ. ರಿಜಾ ತೀರಿಕೊಂಡದ್ದೂ ಅದೇ ವರ್ಷ. ಅದನ್ನು ಪೂರ್ಣಗೊಳಿಸಿದ್ದು 1673ರಲ್ಲಿ. ಗುರುವಿನ ಮುಪ್ಪನ್ನು ಬರೆಯಲು ಹೊರಟ ಹುಡುಗ ಅದನ್ನು ಮುಗಿಸುವ ಹೊತ್ತಿಗೆ ತಾನೂ ಕನ್ನಡಕದ ವಯಸ್ಸಿಗೆ ಬಂದಿದ್ದ.

ಕಿರುಚಿತ್ರ ಬರೆಯುವವರ ಕಣ್ಣಿನ ಬಗ್ಗೆ ನಮ್ಮಲ್ಲಿ ದಂತಕತೆಗಳು ಬಹಳ. ಬದುಕೆಲ್ಲ ಅಳಿಲಿನ ಬಾಲದ ಕೂದಲಿನ ಕುಂಚ ಹಿಡಿದು ಕೊನೆಗೆ ಕುರುಡಾದ ಉಸ್ತಾದರ ವಿಷಯವನ್ನು ಟರ್ಕಿಯ ಓರ್ಹಾನ್ ಪಾಮುಕ್ 1998ರ ತಮ್ಮ ಕಾದಂಬರಿಯಲ್ಲಿ ಜಗತ್ತಿಗೆಲ್ಲ ತಲುಪಿಸಿದರು. ಕುರುಡುತನದ ಕತೆ ಹೇಳುವುದು ಸುಲಭ, ಅದರಲ್ಲಿ ದುರಂತದ ಸೊಗಸಿದೆ. ಆದರೆ ಹೆಚ್ಚಿನ ಕುಶಲಕರ್ಮಿಗಳಿಗೆ ಆದದ್ದು ಕುರುಡುತನವಲ್ಲ, ಚಾಳೀಸು. ನಲವತ್ತಕ್ಕೆ ಹಿಂದೂಸ್ತಾನಿಯಲ್ಲಿ ಚಾಲೀಸ್ ಎನ್ನುತ್ತಾರಲ್ಲ, ಅದೇ ನಮ್ಮ ಚಾಳೀಸು. ಯಾವ ವೈದ್ಯನ ಹಂಗೂ ಇಲ್ಲದೆ ಜನ ಈ ಕಾಯಿಲೆಗೆ ಅದು ಬರುವ ವಯಸ್ಸಿನದೇ ಹೆಸರಿಟ್ಟುಬಿಟ್ಟರು. ನಿಜಕ್ಕೂ ಇದು ಕಾಯಿಲೆಯೂ ಅಲ್ಲ. ಕಣ್ಣಿನೊಳಗಿನ ಮಸೂರ ಹುಟ್ಟಿದಾಗಿನಿಂದ ಗಟ್ಟಿಯಾಗುತ್ತಲೇ ಹೋಗುತ್ತದೆ. ಚಿಕ್ಕ ಹುಡುಗ ಮೂಗಿನಿಂದ ನಾಲ್ಕು ಬೆರಳು ದೂರದ ಇರುವೆಯನ್ನೂ ಸ್ಪಷ್ಟವಾಗಿ ಕಾಣುತ್ತಾನೆ. ನಲವತ್ತೈದರ ಹೊತ್ತಿಗೆ ಅದು ಒಂದು ಗೇಣಿಗಿಂತ ಆಚೆ ಸರಿದಿರುತ್ತದೆ. ಐವತ್ತೈದಕ್ಕೆ ಕೈ ಚಾಚಿ ಪತ್ರಿಕೆ ಹಿಡಿದರೂ ಸಾಲದು. ಅದರ ಜೊತೆಗೆ ಇನ್ನೊಂದು ನಷ್ಟವಿದೆ, ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಗೆ ತಿರುಗಿ, ಅರವತ್ತರ ವಯಸ್ಸಿನವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಮೂರನೆಯ ಒಂದು ಭಾಗದಷ್ಟಾಗುತ್ತದೆ. ಕಡುನೀಲಿ ಮತ್ತು ಕಪ್ಪಿನ ನಡುವಿನ ವ್ಯತ್ಯಾಸ ತಿಳಿಯದೆ ಹೋಗುತ್ತದೆ.

ಈ ಚಾಳೀಸಿಗೆ ಪರಿಹಾರ ಹುಡುಕಿದ ಚರಿತ್ರೆ ಒಂದೇ ನಾಡಿನದಲ್ಲ. ಹತ್ತು ಮತ್ತು ಹನ್ನೊಂದನೇ ಶತಮಾನಗಳಲ್ಲಿ ಬದುಕಿದ್ದ ಇಬ್ನ್ ಅಲ್ ಹೈಸಮ್ ಅವರು ಕೈರೋದಲ್ಲಿ ಕುಳಿತು ಬೆಳಕು ಮತ್ತು ನೋಟದ ಬಗ್ಗೆ 'ಕಿತಾಬ್ ಅಲ್ ಮನಾಜಿರ್' ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆಂಬ ಹಳೆಯ ನಂಬಿಕೆಯನ್ನು ಒಡೆದು, ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರುತ್ತದೆಂದು ತೋರಿಸಿದರು. ಅದು ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪಿನ ವಿದ್ವಾಂಸರ ಕೈ ಸೇರಿತು. ನಮ್ಮಲ್ಲಿ ಕೆಲವರು ಅಭಿಮಾನದ ಭರದಲ್ಲಿ ಕನ್ನಡಕವನ್ನೂ ಅವರೇ ಕಂಡುಹಿಡಿದರೆಂದು ಭಾಷಣ ಮಾಡುವುದುಂಟು. ಹಾಗೇನಿಲ್ಲ. ಕನ್ನಡಕ ಹುಟ್ಟಿದ್ದು ಹದಿಮೂರನೇ ಶತಮಾನದ ಕೊನೆಯಲ್ಲಿ, ಇಟಲಿಯಲ್ಲಿ. ಫ್ಲಾರೆನ್ಸಿನ ಚರ್ಚಿನಲ್ಲಿ 1306ರಲ್ಲಿ ಉಪದೇಶ ಮಾಡಿದ ಪಾದ್ರಿಯೊಬ್ಬರು ಈ ವಿದ್ಯೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷ ಆಗಿಲ್ಲವೆಂದು ಹೇಳಿದ್ದಾರೆ. ಅಲ್ಲಿಂದ ಅದು ಮತ್ತೆ ಪೂರ್ವಕ್ಕೆ ಬಂತು. ಹೆರಾತಿನ ಕವಿ ಜಾಮಿ ಅವರು 1480ರ ಸುಮಾರಿಗೆ ಬರೆದ 'ಸಲಾಮಾನ್ ವ ಅಬ್ಸಾಲ್' ಕಾವ್ಯದಲ್ಲಿ ತಮ್ಮ ಮುಪ್ಪನ್ನು ಹೇಳಿಕೊಳ್ಳುತ್ತ ಫಿರಂಗಿಗಳ ಗಾಜಿನ ಪ್ರಸ್ತಾಪ ಮಾಡುತ್ತಾರೆ. ನಮ್ಮ ಹಂಪೆಗೂ ಅದು ತಡವಾಗಿ ಬರಲಿಲ್ಲ. ವಿಜಯನಗರದ ವ್ಯಾಸರಾಯರು 1520ರ ಸುಮಾರಿಗೆ ಕನ್ನಡಕ ಹಾಕಿಕೊಂಡು ಓಲೆಗರಿಯ ಗ್ರಂಥ ಓದುತ್ತಿದ್ದರೆಂದು ಅವರ ಚರಿತ್ರೆ ಬರೆದ ಸೋಮನಾಥ ಕವಿಯ 'ವ್ಯಾಸಯೋಗಿಚರಿತ'ದಿಂದ ತಿಳಿಯುತ್ತದೆ. ವಿದ್ವಾಂಸ ಪಿ.ಕೆ. ಗೋಡೆ ಅವರು ಇದನ್ನು ಎತ್ತಿ ತೋರಿಸಿದ್ದರು. ಪೋರ್ಚುಗೀಸರು ಗೋವಾ ಹಿಡಿದು ಆಗಿನ್ನೂ ಹತ್ತು ವರ್ಷ. ಇಸ್ಫಹಾನಿನ ಚಿತ್ರಕಾರ, ಹೆರಾತಿನ ಸೂಫಿ ಕವಿ, ಹಂಪೆಯ ಮಾಧ್ವ ಯತಿ, ಮೂವರ ಮೂಗಿಗೂ ಒಂದೇ ಗಾಜು.

ಕಣ್ಣಿನ ಈ ಕತೆಯನ್ನು ಎತ್ತಿಕೊಂಡದ್ದಕ್ಕೆ ಕಾರಣ ಒಂದು ವಿಚಿತ್ರವಾದ ಕೈಗಸುಬು. ಇಂಗ್ಲೆಂಡ್, ಅಮೆರಿಕ, ಜರ್ಮನಿಗಳಲ್ಲಿ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಸೈನಿಕರ ಗೊಂಬೆಗಳಿಗೆ ಬಣ್ಣ ಬಳಿದು, ಮೇಜಿನ ಮೇಲೆ ಗುಡ್ಡ, ಹೊಳೆ, ಹೊಲ, ಹಳ್ಳಿಗಳನ್ನು ಕಟ್ಟಿ, ಹಳೆಯ ಯುದ್ಧಗಳನ್ನು ದಾಳ ಉರುಳಿಸಿ ಆಡುವ ಸಾವಿರಾರು ಜನರಿದ್ದಾರೆ. ಮಕ್ಕಳಲ್ಲ, ದೊಡ್ಡವರು. ಹಲವರು ಅಜ್ಜಂದಿರು. 1960 ಮತ್ತು 70ರ ದಶಕಗಳಲ್ಲಿ ಶಾಲೆಗೆ ಹೋಗುತ್ತಿದ್ದಾಗ ಇದನ್ನು ಹಿಡಿದವರು ಈಗ ಅರವತ್ತು, ಎಪ್ಪತ್ತು ದಾಟಿದ್ದಾರೆ. ಕೈಯಲ್ಲಿ ಐವತ್ತು ವರ್ಷದ ಅಭ್ಯಾಸವಿದೆ, ಕಣ್ಣು ಮಾತ್ರ ಜೊತೆಗೆ ಬರುತ್ತಿಲ್ಲ.

ಯುದ್ಧವನ್ನು ಹಲಗೆಯ ಮೇಲೆ ಆಡುವುದು ನಮಗೆ ಹೊಸದಲ್ಲ. ಚದುರಂಗ ಎಂದರೇ ಆನೆ, ಕುದುರೆ, ರಥ, ಕಾಲಾಳುಗಳ ನಾಲ್ಕು ಅಂಗದ ಸೈನ್ಯ. ಅದು ಇರಾನಿಗೆ ಹೋಗಿ, ಅಲ್ಲಿಂದ ಅರಬರ ಕೈ ಸೇರಿ ಶತರಂಜ್ ಆಯಿತು. ಅಲ್ಲಿ ಕಾಯಿಗಳು ಆನೆ ಕುದುರೆಯ ರೂಪ ಬಿಟ್ಟು ಸರಳವಾದ ಗುಂಡು, ಮೊನೆ, ಸೀಳುಗಳಾದವು. ನಿಶಾಪುರದಲ್ಲಿ ಸಿಕ್ಕ ಹನ್ನೆರಡನೇ ಶತಮಾನದ ಕಾಯಿಗಳು ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿವೆ. ರೂಪ ಬಿಟ್ಟದ್ದಕ್ಕೆ ಧರ್ಮದ ಕಾರಣವನ್ನೇ ಎಲ್ಲರೂ ಹೇಳುತ್ತಾರೆ. ನನಗೆ ತೋರುವಂತೆ ಇದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಆ ಕಾಯಿಗಳನ್ನು ಬೆರಳಿನಿಂದ ಮುಟ್ಟಿಯೇ ಗುರುತಿಸಬಹುದು, ಕಣ್ಣು ಮಂಜಾದವರೂ ಆಡಬಹುದು. ತಾಬಿಯೀನ್ ತಲೆಮಾರಿನ ವಿದ್ವಾಂಸರಾದ ಸಈದ್ ಇಬ್ನ್ ಜುಬೈರ್ ಅವರಂತೂ ಹಲಗೆಗೆ ಬೆನ್ನು ಹಾಕಿ ಕುಳಿತೇ ಆಡುತ್ತಿದ್ದರೆಂದು ಹಳೆಯ ಅರಬ್ ಬರಹಗಳು ಹೇಳುತ್ತವೆ.

ಯುರೋಪು ಹಿಡಿದದ್ದು ಇದಕ್ಕೆ ತದ್ವಿರುದ್ಧವಾದ ದಾರಿ. ಅಲ್ಲಿ ಕಾಯಿ ದಿನದಿನಕ್ಕೆ ಹೆಚ್ಚು ಮನುಷ್ಯನಾಗುತ್ತ ಹೋಯಿತು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 1770ರ ದಶಕದಲ್ಲಿ ಹಿಲ್ಪರ್ಟ್ ಮನೆತನದವರು ತವರದ ಚಪ್ಪಟೆ ಸೈನಿಕರನ್ನು ಎರಕ ಹೊಯ್ಯತೊಡಗಿದರು. ಕಪ್ಪು ಹಲಗೆಕಲ್ಲಿನಲ್ಲಿ ಉಲ್ಟಾ ಕೊರೆದ ಅಚ್ಚು, ಅದರೊಳಗೆ ಕರಗಿದ ಲೋಹ. ಮುಂದಿನ ಶತಮಾನದಲ್ಲಿ ಅದೇ ಊರಿನ ಹೈನ್‌ರಿಕ್ಸನ್ ಕಂಪೆನಿ ಮೂವತ್ತು ಮಿಲಿಮೀಟರಿನ ಅಳತೆಯನ್ನು ರೂಢಿಗೆ ತಂದಿತು. ಅವಕ್ಕೆ ಬಣ್ಣ ಬಳಿದವರು ಯಾರು? ಮನೆಗೆ ಮೂಟೆ ಕೊಂಡೊಯ್ದು ಕೂಲಿಗೆ ಬಳಿದ ಹೆಂಗಸರು ಮತ್ತು ಮಕ್ಕಳು. ಬೀಡಿ ಎಲೆ ಮನೆಗೆ ತಂದು ಸುತ್ತುವವರನ್ನು ನೋಡಿದ ನಮಗೆ ಈ ವ್ಯವಸ್ಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಶ್ರೀಮಂತರ ಮಕ್ಕಳು ಆಡಿದ ಸೈನಿಕನ ಕೆಂಪು ಕೋಟು ಬಡವರ ಮಕ್ಕಳ ಕಣ್ಣಿನಿಂದ ಬಂದದ್ದು.

ಆಟಕ್ಕೆ ನೆಲ ಒದಗಿಸಿದವನು ಪ್ರಷ್ಯದ ಬ್ಯಾರನ್ ಫೊನ್ ರೈಸ್‌ವಿಟ್ಸ್. ಮೊದಲು ಅವನು ಒದ್ದೆ ಮರಳಿನಲ್ಲಿ ಗುಡ್ಡ ಕಣಿವೆ ಮಾಡಿ ಆಟ ತೋರಿಸುತ್ತಿದ್ದ. ರಾಜ ಮೂರನೇ ಫ್ರೀಡ್ರಿಕ್ ವಿಲ್ಹೆಲ್ಮನೇ ನೋಡಬೇಕೆಂದಾಗ ಅರಸನ ಮುಂದೆ ಮರಳಿನ ತಟ್ಟೆ ಇಡಲು ಅವನಿಗೆ ಸಂಕೋಚವಾಯಿತು. ಸಮಯ ಕೇಳಿಕೊಂಡು 1812ರಲ್ಲಿ ಒಂದು ದೊಡ್ಡ ಮೇಜನ್ನೇ ಮಾಡಿಸಿ ಒಪ್ಪಿಸಿದ. ಅದರ ಖಾನೆಗಳಲ್ಲಿ ಗಾರೆಯ ಬಿಲ್ಲೆಗಳು. ಒಂದೊಂದರ ಮೇಲೂ ರಸ್ತೆ, ಹೊಳೆ, ಕಾಡು, ಏರು, ಇಳಿಜಾರು. ಬೇಕಾದಂತೆ ಜೋಡಿಸಿದರೆ ಬೇಕಾದ ನಾಡು. ಪಿಂಗಾಣಿಯ ತುಂಡುಗಳೇ ದಳಗಳು. ಆ ಮೇಜು ಇಂದಿಗೂ ಬರ್ಲಿನ್ನಿನಲ್ಲಿ ಉಳಿದಿದೆ. ಅವನ ಮಗ 1824ರಲ್ಲಿ ಇದನ್ನೆಲ್ಲ ಬಿಟ್ಟು ಭೂಪಟದ ಮೇಲೆ ಆಡುವಂತೆ ನಿಯಮ ಬರೆದ. ಪ್ರಷ್ಯದ ಸೈನ್ಯ ಅದನ್ನು ಅಧಿಕಾರಿಗಳ ತರಬೇತಿಗೆ ಎತ್ತಿಕೊಂಡಿತು. 1871ರಲ್ಲಿ ಫ್ರಾನ್ಸ್ ಸೋತ ಮೇಲೆ ಉಳಿದ ದೇಶಗಳೂ ನಕಲು ಮಾಡಿದವು. ನಿಜವಾದ ಕೊಲ್ಲುವಿಕೆಗೆ ಅಭ್ಯಾಸ ಮಾಡುವವರಿಗೆ ಗುಡ್ಡದ ಗೊಂಬೆ ಬೇಕಾಗಲಿಲ್ಲ, ಭೂಪಟ ಸಾಕಾಯಿತು. ಗುಡ್ಡ ಮತ್ತು ಗೊಂಬೆ ಹವ್ಯಾಸಿಗಳ ಪಾಲಿಗೆ ಉಳಿದವು.

ಇದರ ನಡುವೆ ಒಬ್ಬ ಮನುಷ್ಯನ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವಿಲಿಯಂ ಸೈಬೋರ್ನ್ ಬ್ರಿಟಿಷ್ ಸೈನ್ಯದ ಒಬ್ಬ ಲೆಫ್ಟಿನೆಂಟ್. ಭೂಮಿಯ ಏರುತಗ್ಗುಗಳನ್ನು ಅಳೆದು ಮಾದರಿ ಮಾಡುವುದರಲ್ಲಿ ಪಳಗಿದವನು. ವಾಟರ್ಲೂ ಕದನದ ಮಾದರಿಯೊಂದನ್ನು ಕಟ್ಟಿಕೊಡಲು 1830ರಲ್ಲಿ ಅವನಿಗೆ ಅಪ್ಪಣೆಯಾಯಿತು. ಅವನು ರಣರಂಗದ ನಡುವೆಯೇ ಇದ್ದ ಲಾ ಎ ಸೇಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಉಳಿದು ನೆಲವನ್ನು ಇಂಚಿಂಚು ಅಳೆದ. ಆಮೇಲೆ ಬದುಕುಳಿದಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದ. ಸಂಜೆ ಏಳು ಗಂಟೆಗೆ ನಿಮ್ಮ ದಳ ಎಲ್ಲಿತ್ತು, ಎದುರಿಗೆ ಶತ್ರು ಯಾವ ವ್ಯೂಹದಲ್ಲಿದ್ದ, ನಿಮ್ಮ ಮುಂದಿನ ಹೊಲದಲ್ಲಿ ಯಾವ ಬೆಳೆ ಇತ್ತು ಎಂದು ಕೇಳಿದ. ಬೆಳೆ ಯಾವುದೆಂದು ಕೇಳಿದ ಚರಿತ್ರೆಕಾರರು ಅವನಿಗಿಂತ ಮೊದಲು ಎಷ್ಟು ಜನ ಇದ್ದರೋ! ಜೂನ್ ತಿಂಗಳ ಎತ್ತರದ ಪೈರಿನಲ್ಲಿ ಸೈನಿಕನಿಗೆ ಏನು ಕಂಡಿತು, ಏನು ಕಾಣಲಿಲ್ಲ ಎಂಬುದು ಕದನದಲ್ಲಿ ಬಹಳ ದೊಡ್ಡ ವಿಷಯ. ಮಾದರಿ ಮಾಡುವವನಿಗೆ ಮಾತ್ರ ಅದು ಹೊಳೆಯುತ್ತದೆ, ಏಕೆಂದರೆ ಅವನು ಆ ಹೊಲಕ್ಕೆ ಏನಾದರೊಂದು ಬಣ್ಣ ಬಳಿಯಲೇಬೇಕು. ಬರೆಯುವವನು 'ಹೊಲದ ಮೂಲಕ ಮುನ್ನುಗ್ಗಿದರು' ಎಂದು ಬರೆದು ಪಾರಾಗಬಹುದು.

ಸರಕಾರ 1833ರಲ್ಲಿ ಹಣ ನಿಲ್ಲಿಸಿತು. ಸೈಬೋರ್ನ್ ಸಾಲ ಮಾಡಿ ಮುಂದುವರಿಸಿದ. ಒಂದು ಮೈಲಿಗೆ ಒಂಬತ್ತು ಅಡಿಯ ಅಳತೆ. ಹೆಚ್ಚುಕಡಿಮೆ ಹತ್ತೊಂಬತ್ತು ಅಡಿ ಚೌಕದ ನೆಲ. ಅದರ ಮೇಲೆ ಬೆರಳಿನ ಉಗುರಿನಷ್ಟು ಎತ್ತರದ ಸುಮಾರು 75,000 ತವರದ ಸೈನಿಕರು. 1838ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲಿನಲ್ಲಿ ಪ್ರದರ್ಶನವಾದಾಗ ಸುಮಾರು ಒಂದು ಲಕ್ಷ ಜನ ನೋಡಿದರು. ಆದರೆ ಮಾದರಿಯಲ್ಲಿ ಒಂದು ತಕರಾರು ಇತ್ತು. ಸೈಬೋರ್ನ್ ತಾನು ಕಲೆಹಾಕಿದ ಸಾಕ್ಷ್ಯದಂತೆ ಪ್ರಷ್ಯದ ಸೈನ್ಯವನ್ನು ಸಂಜೆ ಏಳಕ್ಕೆ ರಣರಂಗದಲ್ಲಿ ಸಾಕಷ್ಟು ಮುಂದೆ ನಿಲ್ಲಿಸಿದ್ದ. ಹಾಗಾದರೆ ಗೆಲುವು ಪೂರ್ತಿ ಬ್ರಿಟಿಷರದಲ್ಲ ಎಂದಾಯಿತಲ್ಲ! ವೆಲಿಂಗ್ಟನ್ ಡ್ಯೂಕನ ಕಡೆಯವರಿಗೆ ಇದು ಹಿಡಿಸಲಿಲ್ಲ. ಒತ್ತಡ ಬಂತು. ಸೈಬೋರ್ನ್ ಕೊನೆಗೆ ಪ್ರಷ್ಯನ್ ಗೊಂಬೆಗಳ ದೊಡ್ಡ ಭಾಗವನ್ನು ಕಿತ್ತು ತೆಗೆದ. ಚರಿತ್ರೆಯನ್ನು ತಿದ್ದುವುದೆಂದರೆ ಪುಸ್ತಕದಲ್ಲಿ ಸಾಲು ಹೊಡೆದುಹಾಕುವುದು ಎಂದು ನಾವು ತಿಳಿದಿದ್ದೇವೆ. ಇಲ್ಲಿ ಅದು ಚಿಮಟದಿಂದ ಒಂದೊಂದೇ ಗೊಂಬೆ ಕೀಳುವ ಕೆಲಸವಾಗಿತ್ತು. ಸೈಬೋರ್ನ್ ಹಾಕಿದ ಹಣ ಅವನಿಗೆ ಮರಳಲಿಲ್ಲ. 1849ರಲ್ಲಿ, ಐವತ್ತೊಂದು ವರ್ಷಕ್ಕೆ, ತೀರಿಕೊಂಡ. ಅವನಿಗೆ ಬಂದ ಉತ್ತರಗಳನ್ನು ಆಯ್ದು ಅವನ ಮಗ 1891ರಲ್ಲಿ ಪುಸ್ತಕ ಮಾಡಿದ. ವಾಟರ್ಲೂ ಬಗ್ಗೆ ಬರೆಯುವವರು ಇಂದಿಗೂ ಆ ಪತ್ರಗಳನ್ನು ಬಿಟ್ಟು ಬರೆಯಲಾರರು. ಮಾದರಿ ಲಂಡನ್ನಿನ ರಾಷ್ಟ್ರೀಯ ಸೇನಾ ಮ್ಯೂಸಿಯಮ್ಮಿಗೆ ಸೇರಿತು.

ಈ ವೆಲಿಂಗ್ಟನ್ ನಮಗೆ ಅಪರಿಚಿತನಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವನೇ. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗಿ, ಕತ್ತಲೆಯಲ್ಲಿ ದಾರಿ ತಪ್ಪಿ, ಟಿಪ್ಪುವಿನ ಸೈನಿಕರಿಂದ ಪೆಟ್ಟು ತಿಂದು ಹಿಮ್ಮೆಟ್ಟಿದವನು. ಕೋಟೆ ಬಿದ್ದ ಮೇಲೆ ಅವನೇ ಅಲ್ಲಿನ ಅಧಿಕಾರಿಯಾಗಿ ದರಿಯಾ ದೌಲತ್ತಿನಲ್ಲಿ ವಾಸವಾದ. ಆ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಸೈನ್ಯವನ್ನು ಸುತ್ತುವರಿದ, ಬ್ರಿಟಿಷರ ಘೋರ ಸೋಲಿನ ಚಿತ್ರ ಅದು. ಮಾಸಿಹೋಗಿದ್ದ ಅದನ್ನು ವೆಲ್ಲೆಸ್ಲಿಯೇ ಸರಿಪಡಿಸಿದ್ದ. 1850ರ ದಶಕದಲ್ಲಿ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ. ತನ್ನವರ ಸೋಲಿನ ಚಿತ್ರವನ್ನು ತಾರುಣ್ಯದಲ್ಲಿ ಉಳಿಸಿದವನೇ ಮುಪ್ಪಿನಲ್ಲಿ ತನ್ನ ಗೆಲುವಿನ ಮಾದರಿಯಲ್ಲಿ ಪಾಲುದಾರರಿರುವುದನ್ನು ಸಹಿಸಲಿಲ್ಲ. ಅತ್ತ ಲಂಡನ್ನಿನಲ್ಲಿ 1800ರಲ್ಲಿಯೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಶ್ರೀರಂಗಪಟ್ಟಣದ ಪತನವನ್ನು ನೂರು ಅಡಿಗೂ ಮಿಕ್ಕಿದ ಉದ್ದದ ಬಟ್ಟೆಯ ಮೇಲೆ ಬರೆದು ಟಿಕೇಟಿಟ್ಟು ತೋರಿಸಿದ. ಇಂಡಿಯಾವನ್ನು ಕಣ್ಣಿಂದ ಕಂಡವನಲ್ಲ ಅವನು. ಸೈಬೋರ್ನನ ಎಂಟು ತಿಂಗಳಿಗೂ ಇದಕ್ಕೂ ಇರುವ ಅಂತರವೇ ಚರಿತ್ರೆಗೂ ತಮಾಷೆಗೂ ಇರುವ ಅಂತರ.

ದೊಡ್ಡವರು ನೆಲದ ಮೇಲೆ ಮಲಗಿ ಗೊಂಬೆಯಾಟ ಆಡುವುದಕ್ಕೆ ಗೌರವ ತಂದವರು ಸಾಹಿತಿಗಳು. ಕಾದಂಬರಿಕಾರ ಸ್ಟೀವನ್‌ಸನ್ ಶ್ವಾಸಕೋಶದ ಕಾಯಿಲೆಯಿಂದ 1880ರ ದಶಕದ ಮೊದಲಲ್ಲಿ ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿದ್ದಾಗ ಮಲಮಗನೊಡನೆ ಅಟ್ಟದ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಡು ಬರೆದು ವಾರಗಟ್ಟಲೆ ಆಡಿದರು. ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ನಿಯಮಪುಸ್ತಕವನ್ನೇ ಬರೆದರು. ಅವರ ಸೈನಿಕರು ಲಂಡನ್ನಿನ ಬ್ರಿಟನ್ಸ್ ಕಂಪೆನಿಯವರು. ಆ ಕಂಪೆನಿ 1893ರಲ್ಲಿ ಟೊಳ್ಳಾದ ಎರಕ ಕಂಡುಹಿಡಿದು ಜರ್ಮನರ ಮಾರುಕಟ್ಟೆ ಮುರಿದಿತ್ತು. ಅಚ್ಚಿನೊಳಗಿನ ಸೀಸ ಅಂಚಿನಲ್ಲಿ ಗಟ್ಟಿಯಾಗುತ್ತಲೇ ನಡುವಿನದನ್ನು ಸುರಿದುಬಿಡುವುದು, ಅಷ್ಟೇ ಗುಟ್ಟು. ಬ್ರಿಟಿಷ್ ಇಂಡಿಯಾದ ಪೇಟ ಕಟ್ಟಿದ ಸವಾರರೂ ಅವರ ಪೆಟ್ಟಿಗೆಗಳಲ್ಲಿ ಬರುತ್ತಿದ್ದರು. ವೆಲ್ಸ್ ತಮ್ಮ ಪುಸ್ತಕದ ಕೊನೆಯಲ್ಲಿ ದೊಡ್ಡ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟು ಮೇಲು, ಸೇನಾಪತಿಗಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ ಇದನ್ನೇ ಆಡಿಸಬೇಕು ಎಂಬರ್ಥದ ಮಾತು ಬರೆದರು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಗೊಂಬೆಯಾಟ ಶಾಂತಿ ತರುತ್ತದೆಂಬ ವೆಲ್ಸ್‌ರ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಅದು ಯುದ್ಧ ಕಲಿಸುತ್ತದೆಂಬ ಆರೋಪವನ್ನೂ ಒಪ್ಪಲಾರೆ. ನಿಜ ಯುದ್ಧ ಕಂಡುಬಂದವರೇ ಇದನ್ನು ಆಮೇಲೆ ಕಟ್ಟಿಬೆಳೆಸಿದರು. ಡೊನಾಲ್ಡ್ ಫೆದರ್‌ಸ್ಟೋನ್ ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದವರು. ಆಮೇಲೆ ಮೈಕೈ ನೋವಿಗೆ ವ್ಯಾಯಾಮ ಚಿಕಿತ್ಸೆ ಮಾಡುವ ವೃತ್ತಿ ಹಿಡಿದರು. 1962ರ ಅವರ 'ವಾರ್ ಗೇಮ್ಸ್' ಪುಸ್ತಕ ಓದಿದ ಹುಡುಗರೇ ಈಗಿನ ಅಜ್ಜಂದಿರು. ಫೆದರ್‌ಸ್ಟೋನ್ 2013ರಲ್ಲಿ ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಕಣ್ಣಿನ ವಿಷಯಕ್ಕೆ ಬರೋಣ. ಬ್ರಿಟನ್ಸ್ ಸೈನಿಕ 54 ಮಿಲಿಮೀಟರಿನವನು. 1959ರಿಂದ ಏರ್‌ಫಿಕ್ಸ್ ಕಂಪೆನಿಯ ಪ್ಲಾಸ್ಟಿಕ್ ಸೈನಿಕರು ಒಂದು ಇಂಚಿನಷ್ಟಾದರು. ಅಗ್ಗ, ಕಡಿಮೆ ಜಾಗ ಸಾಕು. ಆಮೇಲೆ 15 ಮಿಲಿಮೀಟರ್ ಬಂತು, 6 ಕೂಡ ಬಂತು. ಇಂದು ಹೆಚ್ಚು ಬಳಕೆಯಲ್ಲಿರುವುದು 28 ಮಿಲಿಮೀಟರ್. ಆ ಸೈನಿಕನ ತಲೆ ಒಂದು ಹೆಸರುಕಾಳಿನಷ್ಟು. ಅದರಲ್ಲಿ ಕಣ್ಣು ಅರ್ಧ ಮಿಲಿಮೀಟರ್. ಅದರೊಳಗೆ ಪಾಪೆ ಎಂದು ಒಂದು ಚುಕ್ಕೆ ಇಡಬೇಕು. ಇಪ್ಪತ್ತರಲ್ಲಿ ಉಸಿರು ಬಿಗಿಹಿಡಿದು ಇಟ್ಟ ಚುಕ್ಕೆ ಐವತ್ತೈದರಲ್ಲಿ ಕೆನ್ನೆಯ ಮೇಲೆ ಬೀಳುತ್ತದೆ. ಕೈ ನಡುಗಿತು ಎಂದುಕೊಳ್ಳುತ್ತಾರೆ. ಬಹುಮಟ್ಟಿಗೆ ಕೈ ನಡುಗಿರುವುದಿಲ್ಲ, ಕಣ್ಣು ಕೈಗೆ ಸರಿಯಾದ ಸುದ್ದಿ ಕೊಟ್ಟಿರುವುದಿಲ್ಲ.

ಇದಕ್ಕೆ ಮೊದಲ ಉಪಾಯ ಬೆಳಕು. ಭೂತಗನ್ನಡಿಗಿಂತ ಮೊದಲು ಬೆಳಕು. ಒಳಪರದೆಗೆ ಮೂರರಲ್ಲಿ ಒಂದು ಪಾಲು ಮಾತ್ರ ತಲುಪುತ್ತಿರುವಾಗ ದೀಪ ಮೂರು ಪಟ್ಟು ಬೇಕು, ಅದೂ ಹಗಲಿನ ಬಿಳುಪಿನದು. ಎರಡು ದೀಪಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಕೈಯ ನೆರಳು ಬೀಳುವುದಿಲ್ಲ. ಎರಡನೆಯದು ಗಡಿಯಾರ ರಿಪೇರಿಯವರು ಮತ್ತು ಅಕ್ಕಸಾಲಿಗರು ಬಳಸುವಂಥ, ಹಣೆಗೆ ಪಟ್ಟಿ ಕಟ್ಟಿಕೊಳ್ಳುವ ಮಸೂರ. ಅದರಲ್ಲಿ ಒಂದು ಮರ್ಮವಿದೆ. ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟು ಹತ್ತಿರ ಹಿಡಿಯಬೇಕಾಗುತ್ತದೆ. ಎರಡೂವರೆ ಪಟ್ಟು ದೊಡ್ಡದಾಗಿಸುವ ಗಾಜಿಗೆ ಗೊಂಬೆ ಎಂಟು ಇಂಚು ದೂರದಲ್ಲೇ ಇರಬೇಕು, ಒಂದು ಇಂಚು ಆಚೀಚೆಯಾದರೂ ಮಸುಕು. ಹಾಗಾಗಿ ಮೊಣಕೈಗಳನ್ನು ಮೇಜಿಗೂರಿ, ಗೊಂಬೆಯನ್ನು ಹಳೆಯ ಬಾಟಲಿಯ ಬಿರಡೆಗೆ ಅಂಟಿಸಿ, ಎರಡು ಕೈಗಳ ಕಿರುಬೆರಳನ್ನು ಒಂದಕ್ಕೊಂದು ಆನಿಸಿ ಬಳಿಯುತ್ತಾರೆ. ಅರ್ಧ ಗಂಟೆಗೊಮ್ಮೆ ತಲೆಯೆತ್ತಿ ಕಿಟಕಿಯಾಚೆ ನೋಡದಿದ್ದರೆ ಕತ್ತು ಹಿಡಿಯುತ್ತದೆ. ರಾತ್ರಿ ವಾಹನಗಳ ದೀಪದ ಸುತ್ತ ಪ್ರಭೆ ಕಾಣತೊಡಗಿದರೆ ಅದು ಮಸೂರದಿಂದ ಸರಿಹೋಗುವ ವಿಷಯವಲ್ಲ, ಪೊರೆ ಬಂದಿರಬಹುದು, ವೈದ್ಯರಿಗೆ ತೋರಿಸಬೇಕು. ಚಿತ್ರಕಾರ ಮೊನೆ 1912ರಲ್ಲಿ ಪೊರೆ ಇದೆಯೆಂದು ತಿಳಿದರೂ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದು 1923ರಲ್ಲಿ. ನಡುವಿನ ಹನ್ನೊಂದು ವರ್ಷಗಳ ಅವನ ಕೊಳದ ಚಿತ್ರಗಳಲ್ಲಿ ನೀಲಿ ಹೋಗಿ ಕೆಂಪು ಕಂದುಗಳು ತುಂಬಿಕೊಂಡವು. ಪೊರೆಯನ್ನು ಟೊಳ್ಳು ಸೂಜಿಯಿಂದ ಹೀರಿ ತೆಗೆಯುವುದನ್ನು ಅಮ್ಮಾರ್ ಅಲ್ ಮೌಸಿಲಿ ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದರು. ಇಂದು ಅದು ಅರ್ಧ ಗಂಟೆಯ ಕೆಲಸ.

ಉಪಕರಣಗಳಿಗಿಂತ ಹೆಚ್ಚು ನೆರವಾಗುವುದು ಬಳಿಯುವ ರೀತಿಯನ್ನೇ ಬದಲಿಸುವುದು. ಹಳಬರು ಕಂಡುಕೊಂಡ ಸೂತ್ರವೆಂದರೆ, ಗೊಂಬೆಯನ್ನು ನೋಡುವುದು ಮೇಜಿನಾಚೆ ನಿಂತು, ಮೂರು ಅಡಿ ದೂರದಿಂದ. ಆ ದೂರಕ್ಕೆ ಪಾಪೆ ಯಾರಿಗೂ ಕಾಣದು. ಕಾಣುವುದು ಟೋಪಿಯ ಕೆಳಗಿನ ನೆರಳು. ಆದ್ದರಿಂದ ಮೊದಲು ಗೊಂಬೆಗೆ ಪೂರ್ತಿ ಕಪ್ಪು ಬಳಿದು, ಉಬ್ಬಿದ ಕಡೆ ಮಾತ್ರ ಬಣ್ಣ ಕೊಟ್ಟು, ತಗ್ಗುಗಳನ್ನು ಹಾಗೇ ಬಿಡುತ್ತಾರೆ. ಬಿಟ್ಟ ಕಪ್ಪೇ ಗೆರೆಯಾಗುತ್ತದೆ. ಅಥವಾ ತಿಳಿಬಣ್ಣ ಬಳಿದು ಅದರ ಮೇಲೆ ನೀರಾಗಿಸಿದ ಕಂದು ಬಣ್ಣ ಹರಿಯಬಿಡುತ್ತಾರೆ. ಅದು ತಾನಾಗಿ ಮಡಿಕೆಗಳಲ್ಲಿ ಇಳಿದು ನಿಲ್ಲುತ್ತದೆ. ಅಥವಾ ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿದ ಕುಂಚವನ್ನು ಉಜ್ಜುತ್ತಾರೆ, ಏಣು ಇದ್ದಲ್ಲಿ ಮಾತ್ರ ಬಣ್ಣ ಹಿಡಿಯುತ್ತದೆ. ಈ ಮೂರರಲ್ಲೂ ಕಣ್ಣು ಮಾಡಬೇಕಾದ ಕೆಲಸವನ್ನು ಬಣ್ಣದ ಸ್ವಭಾವವೇ ಮಾಡುತ್ತದೆ. ಒಬ್ಬೊಬ್ಬ ಸೈನಿಕನನ್ನು ಬಿಟ್ಟು ದಳವನ್ನು ನೋಡಲು ಕಲಿಯುವುದು ಎಂದೂ ಇದನ್ನು ಹೇಳಬಹುದು. ದರಿಯಾ ದೌಲತ್ತಿನ ಗೋಡೆಯನ್ನು ದೂರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ಹತ್ತಿರ ಹೋದರೆ ಒಂದೇ ಮುಖ, ಒಂದೇ ಮೀಸೆ, ಸಾಲುಸಾಲು. ಹತ್ತು ಹೆಜ್ಜೆ ಹಿಂದೆ ಸರಿದರೆ ಸೈನ್ಯ.

ಟಿಪ್ಪುವಿನ ಸೈನ್ಯದ ಗೊಂಬೆಗಳನ್ನೂ ಬಣ್ಣ ಬಳಿಯುವವರು ಇದ್ದಾರೆ. ಅವರಿಗೆ ತಲೆನೋವು ಬಬ್ರಿ ಗೆರೆಗಳದು. ಹುಲಿಯ ಪಟ್ಟೆಯನ್ನು ನೆನಪಿಸುವ ಆ ವಿನ್ಯಾಸವನ್ನು 28 ಮಿಲಿಮೀಟರಿನ ಅಂಗಿಯ ಮೇಲೆ ನೂರು ಸಲ ಬರೆಯಬೇಕು. ಕಣ್ಣು ಸೋತವರು ಗೆರೆ ಬಿಟ್ಟು ನೇರಳೆ ಅಂಗಿಯ ಮೇಲೆ ಬಿಳಿ ಚುಕ್ಕೆಗಳನ್ನು ಓರೆಯಾಗಿ ಇಡುತ್ತಾರೆ. ಮೂರು ಅಡಿಯಾಚೆಗೆ ಅದೇ ಬಬ್ರಿ.

ಇನ್ನೂ ವಯಸ್ಸಾದಂತೆ ಹಲವರು ಗೊಂಬೆ ಬಿಟ್ಟು ನೆಲ ಕಟ್ಟುವುದಕ್ಕೆ ಹೊರಳುತ್ತಾರೆ. ಅಲ್ಲಿ ಕಣ್ಣಿಗಿಂತ ಅಂಗೈಗೆ ಕೆಲಸ ಹೆಚ್ಚು. ಥರ್ಮಾಕೋಲನ್ನು ಪದರಪದರವಾಗಿ ಅಂಟಿಸಿ ಕೊಯ್ದರೆ ಗುಡ್ಡ. ಅಂಟಿನ ಮೇಲೆ ಮರಳು ಉದುರಿಸಿ, ಕಡುಕಂದು ಬಳಿದು, ಒಣ ಕುಂಚದಲ್ಲಿ ಮಣ್ಣುಬಣ್ಣ ಉಜ್ಜಿದರೆ ನೆಲ. ಹಸಿರು ಬಣ್ಣದಲ್ಲಿ ಅದ್ದಿದ ಮರದ ಹೊಟ್ಟೇ ಬಹಳ ಕಾಲ ಹುಲ್ಲಾಗಿತ್ತು. ಬಾಗಿಲ ಮುಂದೆ ಕಾಲೊರೆಸಲು ಹಾಕುವ ತೆಂಗಿನ ನಾರಿನ ಚಾಪೆಯನ್ನು ತುಂಡರಿಸಿದರೆ ಮಾಗಿದ ಗೋಧಿಯ ಹೊಲ. ವಾಟರ್ಲೂವಿನ ಪೈರು ನಮ್ಮ ಮಲಬಾರಿನ ತೆಂಗಿನ ಸಿಪ್ಪೆಯಿಂದ! ಈ ಕೆಲಸವನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಸೂರಿನ ಮನೆಗಳಲ್ಲಿ ದಸರಾ ಗೊಂಬೆ ಕೂರಿಸುವಾಗ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹುಲ್ಲುಗಾವಲು ಮಾಡುತ್ತಾರೆ. ಮಂಗಳೂರಿನ ಕ್ರೈಸ್ತರು ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ಮಿಗೆ ಬಿದಿರು ಮತ್ತು ಬಣ್ಣದ ಕಾಗದದಲ್ಲಿ ಗುಮ್ಮಟ ಮಿನಾರುಗಳ ತಾಬೂತು ಏಳುತ್ತದೆ. ಅದೂ ಒಂದು ರಣರಂಗದ ನೆನಪೇ, ಕರ್ಬಲಾದ್ದು. ಅಲ್ಲಿ ಸೈನಿಕರ ಗೊಂಬೆಗಳಿಲ್ಲ. ಸತ್ತವರಿಗಾಗಿ ಕಟ್ಟಿದ ಮನೆ ಮಾತ್ರ ಇದೆ.

ಹವ್ಯಾಸಿಯ ಕಣ್ಣು ಸೋತರೆ ಅವನು ದೊಡ್ಡ ಗೊಂಬೆ ಕೊಳ್ಳಬಹುದು, ದೀಪ ಕೊಳ್ಳಬಹುದು, ಬೇಸರವಾದರೆ ಬಿಟ್ಟೂಬಿಡಬಹುದು. ಕಣ್ಣನ್ನೇ ಕೂಲಿಗೆ ಒತ್ತೆಯಿಟ್ಟವರ ಪಾಡು ಬೇರೆ. ಬೀದರಿನ ಬಿದ್ರಿ ಕುಸುರಿಯವರು ಕಪ್ಪು ಲೋಹದ ಮೇಲೆ ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಜರಿ ಕಸೂತಿಯವರು ಸೂಜಿಯ ಕಣ್ಣಿಗೆ ನೂಲು ಪೋಣಿಸುವ ಸಣ್ಣ ಹುಡುಗನೊಬ್ಬನನ್ನು ಪಕ್ಕದಲ್ಲಿ ಇಟ್ಟುಕೊಳ್ಳುವ ವಯಸ್ಸು ನಲವತ್ತೈದು. ಕೈಗೆ ವಿದ್ಯೆ ತುಂಬಿಬರುವ ಹೊತ್ತಿಗೇ ಕಣ್ಣು ಕೈಕೊಡುತ್ತದೆ. ಹತ್ತಿರದ್ದು ಕಾಣಲು ಬೇಕಾದ ಸಾದಾ ಕನ್ನಡಕವಿಲ್ಲದೆ ಜಗತ್ತಿನಲ್ಲಿ 82 ಕೋಟಿಗೂ ಹೆಚ್ಚು ಜನ ಇದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ ಅಂದಾಜು ಮಾಡಿತು. ಏಳುನೂರು ವರ್ಷ ಹಳೆಯ ಮದ್ದು ಅದು.

ಅಸ್ಸಾಮಿನ ಚಹಾ ತೋಟಗಳಲ್ಲಿ ಈ ಬಗ್ಗೆ ಒಂದು ಅಧ್ಯಯನ ನಡೆಯಿತು, ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ನಲವತ್ತು ದಾಟಿದ, ಚಾಳೀಸು ಬಂದಿದ್ದ 751 ಎಲೆ ಕೀಳುವವರು ಅದರಲ್ಲಿದ್ದರು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದು ಗುಂಪಿಗೆ ಕನ್ನಡಕ ಕೊಟ್ಟು, ಹನ್ನೊಂದು ವಾರ ಇಬ್ಬರ ಬುಟ್ಟಿಯನ್ನೂ ತೂಗಿದರು. ಕನ್ನಡಕ ಸಿಕ್ಕವರು ಕಿತ್ತ ಎಲೆ ಉಳಿದವರಿಗಿಂತ ಶೇಕಡ 21.7ರಷ್ಟು ಹೆಚ್ಚು ಏರಿತ್ತು. ಐವತ್ತು ದಾಟಿದವರಲ್ಲಿ ಈ ಏರಿಕೆ ಶೇಕಡ 31.6. ಅಧ್ಯಯನ ಮುಗಿದ ಮೇಲೆ ಎರಡನೇ ಗುಂಪಿನವರಿಗೂ ಕನ್ನಡಕ ಕೊಟ್ಟರು.